ಸೆಕೆಂಡ್ ಶಿಫ್ಟಿನ ಏಡಿ ಸಾರು

ದಾವಣಗೆರೆಯಲ್ಲಿ ಮಧ್ಯರಾತ್ರಿಯೂ ಊಟದ ಹೊತ್ತಾಗಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳ ಸೆಕೆಂಡ್ ಶಿಫ್ಟ್ ಬಿಟ್ಟಿತೆಂದರೆ ಕಾಟನ್ ಮಿಲ್, ಶಂಕರ್ ಮಿಲ್, ಗಣೇಶ ಮಿಲ್, ಚಂದ್ರೋದಯ ಮಿಲ್ಲುಗಳ ಕಡೆಯಿಂದ ಸೈಕಲ್ಲುಗಳು ಸಾಲುಗಟ್ಟಿ ಬರುತ್ತಿದ್ದವು. ಸವಾರರ ಹುಬ್ಬು, ಮೀಸೆ, ಕಿವಿಯ ಕೂದಲಿಗೆಲ್ಲ ಹತ್ತಿಯ ಬಿಳಿ ಧೂಳು. ಎಂಟು ತಾಸು ಯಂತ್ರದ ಸದ್ದಿನಲ್ಲಿ ನಿಂತು ಬಂದವರು. ಮಾತು ಜೋರು, ಹಸಿವು ಅದಕ್ಕಿಂತ ಜೋರು. ಮನೆಯಲ್ಲಿ ಮುಚ್ಚಿಟ್ಟ ಮುದ್ದೆ ಕಾಯುತ್ತಿದ್ದರೂ ಮೊದಲು ನಾಲಗೆಗೆ ಖಾರ ತಗಲಬೇಕು. ಅಂಥವರಿಗಾಗಿಯೇ ಅಶೋಕ ಟಾಕೀಸಿನ ರೈಲ್ವೆ ಗೇಟಿನ ಆಸುಪಾಸಿನಲ್ಲಿ ತಳ್ಳುಗಾಡಿಗಳು ದೀಪ ಹಚ್ಚಿಕೊಂಡು ನಿಂತಿರುತ್ತಿದ್ದವು. ಗೂಡ್ಸ್ ರೈಲಿಗೆಂದು ಗೇಟು ಬಿತ್ತೆಂದರೆ ವ್ಯಾಪಾರ ಇನ್ನಷ್ಟು ಬಿರುಸು.

ನನ್ನ ದೊಡ್ಡಪ್ಪ ಆ ಸೈಕಲ್ಲಿನವರಲ್ಲೊಬ್ಬ. ಸ್ಪಿನ್ನಿಂಗ್ ಖಾತೆಯಲ್ಲಿದ್ದ. ತಿರುಗುತ್ತಿರುವ ಯಂತ್ರದಲ್ಲಿ ಹರಿದ ನೂಲಿನ ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ಕೂಡಿಸುವುದು ಅವನ ಕೆಲಸ. ಆ ಬೆರಳುಗಳೇ ಏಡಿಯ ಕೊಂಡಿಯೊಳಗಿನ ಮಾಂಸವನ್ನು ಮುರಿಯದೆ ಇಡಿಯಾಗಿ ಎಳೆದು ನನ್ನ ಎಲೆಗೆ ಹಾಕುತ್ತಿದ್ದವು. ನಾನು ಅವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದವನು. ಮಳೆಗಾಲದ ಶನಿವಾರ ರಾತ್ರಿ ಮನೆ ಮುಂದೆ ಸೈಕಲ್ ಬೆಲ್ ಎರಡು ಸಲ ಕೇಳಿತೆಂದರೆ ಎದ್ದು ಓಡುತ್ತಿದ್ದೆ. ದೊಡ್ಡಮ್ಮ ಕೋಳಿ ಮಾಡುತ್ತಿದ್ದಳು, ಊರದೇವತೆ ದುಗ್ಗಮ್ಮನ ಜಾತ್ರೆಗೆ ಕುರಿ ಮಾಡುತ್ತಿದ್ದಳು. ಏಡಿಯನ್ನು ಮಾತ್ರ ಹೊಸ್ತಿಲು ದಾಟಿಸುತ್ತಿರಲಿಲ್ಲ. “ಅದರ ಕಾಲು ನೋಡಿದ್ರೇ ಮೈ ಜುಮ್ ಅಂತೈತಿ, ನನ್ನ ಪಾತ್ರಿಗೆ ಅದು ಬ್ಯಾಡ” ಎನ್ನುತ್ತಿದ್ದಳು. ಹಾಗಾಗಿ ಏಡಿ ನಮಗೆ ಬೀದಿಯಲ್ಲೇ ಸಿಗಬೇಕಾದ ರುಚಿ.

ಒಂದು ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅದರ ಪಕ್ಕದಲ್ಲಿ, ಗೋಡೆಗೆ ಒರಗಿಸಿದ ಹಲಗೆಯ ಮೇಲೆ, ಹರಿಹರದಿಂದ ಬರುತ್ತಿದ್ದ ಹೆಂಗಸಿನ ಸಾರಿನ ಪಾತ್ರೆ. ಎಲ್ಲರಿಗೂ ಅವಳು ಹರಿಹರದವ್ವ. ಮನೆಯವರು ತುಂಗಭದ್ರಾ ಹೊಳೆಯಲ್ಲೂ ಗದ್ದೆಬದುವಿನಲ್ಲೂ ಹಿಡಿದ ಏಡಿಯನ್ನು ಚೀಲದಲ್ಲಿ ಕಟ್ಟಿಕೊಂಡು, ಹದಿನೈದು ಕಿಲೋಮೀಟರಿನಷ್ಟು ದೂರದಿಂದ ಸಂಜೆಯ ಬಸ್ಸಿಗೆ ಬಂದು, ಬೆಳಗಿನ ಮೊದಲ ಬಸ್ಸಿಗೆ ವಾಪಸಾಗುತ್ತಿದ್ದಳು.

ಅವಳ ಕೆಲಸ ನೋಡುವುದೇ ನನಗೊಂದು ಪಾಠ. ಬೆನ್ನಿನ ಚಿಪ್ಪು ಎತ್ತಿ, ಕಿವಿರು ಕಿತ್ತೆಸೆದು, ದಪ್ಪ ಕೊಂಡಿಗಳಿಗೆ ಗುಂಡುಕಲ್ಲಿನಿಂದ ಒಂದೊಂದೇ ಏಟು. ಚಿಪ್ಪು ಬಿರಿಯಬೇಕು, ಪುಡಿಯಾಗಬಾರದು. ಮಸಾಲೆ ಒಳಗಿಳಿಯಲು ಅಷ್ಟೇ ದಾರಿ ಸಾಕು. ಸಣ್ಣ ಕಾಲುಗಳನ್ನು ಕುಟ್ಟಿ, ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡಿದ ರಸ ಸಾರಿಗೆ. ಸಾರು ಮಂದವಾಗುತ್ತಿದ್ದುದು ಆ ರಸದಿಂದಲೇ. ಕೆಂಡದಲ್ಲಿ ಸುಟ್ಟ ಈರುಳ್ಳಿ, ಒಣಕೊಬ್ಬರಿ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ, ಧನಿಯಾ, ಕಾಳುಮೆಣಸು, ಹುಣಸೆಹುಳಿ. ಬಣ್ಣಕ್ಕೆ ಹೊಳೆಯಾಚೆಯ ಬ್ಯಾಡಗಿ ಮೆಣಸಿನಕಾಯಿ, ಉರಿಗೆ ಗುಂಟೂರಿನದು. ಬ್ಯಾಡಗಿ ಒಂದನ್ನೇ ನಂಬಿದರೆ ಸಾರು ಕೆಂಪಾದೀತು, ಮಿಲ್ಲಿನವರ ನಾಲಗೆಗೆ ಮುಟ್ಟದು.

ಪಕ್ಕದ ಗಾಡಿಯಿಂದ ಬರಿ ಮಂಡಕ್ಕಿ ತಂದು ಮುತ್ತುಗದೆಲೆಯ ದೊನ್ನೆಗೆ ಸುರುವಿ, ಅದರ ಮೇಲೆ ಕುದಿಯುವ ಏಡಿ ಸಾರು ಹಾಕಿಸಿಕೊಳ್ಳುವುದು ದೊಡ್ಡಪ್ಪನ ಪದ್ಧತಿ. ಮೇಲಿನ ಮಂಡಕ್ಕಿ ಇನ್ನೂ ಗರಿಗರಿ, ಕೆಳಗಿನದು ಸಾರು ಕುಡಿದು ಮೆತ್ತಗೆ. ಅದನ್ನು ಬೇಗಬೇಗ ತಿನ್ನಬೇಕು. ಏಡಿಗೆ ಮಾತ್ರ ಅವಸರ ಸಲ್ಲದು. ಅದು ಒಂದೊಂದು ಗೆಣ್ಣಿಗೂ ಸಮಯ ಕೇಳುತ್ತದೆ. ಕಚ್ಚಬೇಕು, ಹೀರಬೇಕು, ಕಡ್ಡಿಯಿಂದ ಕೆದಕಬೇಕು. ಎರಡೂ ಕೈ ಮಸಾಲೆಯಾಗಿರುವುದರಿಂದ ಬೀಡಿ ಹಚ್ಚುವಂತಿಲ್ಲ, ಸೈಕಲ್ ಹತ್ತುವಂತಿಲ್ಲ. ಯಂತ್ರದ ಮುಂದೆ ಒಂದು ಗಳಿಗೆಯೂ ತಮ್ಮದಲ್ಲದ ಆ ಜನಕ್ಕೆ ಏಡಿ ಅರ್ಧ ತಾಸಿನ ಬಿಡುವನ್ನು ಕೊಡುತ್ತಿತ್ತು. ಆ ರುಚಿಯಲ್ಲಿ ಮುಕ್ಕಾಲು ಪಾಲು ಈ ಬಿಡುವಿನದೇ ಎಂದು ನಾನು ಇಂದಿಗೂ ನಂಬಿದ್ದೇನೆ. ಬೋನಸ್ ಮಾತು, ಯೂನಿಯನ್ ಮಾತು, ಮಗಳ ಮದುವೆಯ ಮಾತು, ಎಲ್ಲ ಆ ಹಲಗೆಯ ಸುತ್ತಲೇ ನಡೆಯುತ್ತಿದ್ದವು.

ದೊಡ್ಡಪ್ಪ ನನ್ನನ್ನು ಹರಿಹರಕ್ಕೂ ಕರೆದೊಯ್ದಿದ್ದ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಕೈಮುಗಿದು, ಸೂಳೆಕೆರೆಯಿಂದ ಹರಿದು ಬರುವ ಹರಿದ್ರೆ ತುಂಗಭದ್ರೆಯನ್ನು ಕೂಡುವ ಕಡೆ ಹೋದೆವು. ಅಲ್ಲಿ ಹರಿಹರದವ್ವ ಒಂದು ಹೆಣ್ಣೇಡಿಯನ್ನು ಮಗುಚಿ ತೋರಿಸಿದಳು. ಹೊಟ್ಟೆಯ ಮಡಿಕೆಯ ಅಡಿಯಲ್ಲಿ ಕಾಳಿನಷ್ಟು ಮರಿಗಳು ಕಿಕ್ಕಿರಿದಿದ್ದವು. ಸಮುದ್ರದ ಏಡಿಯ ಮರಿ ನೀರಿನಲ್ಲಿ ತೇಲುತ್ತ ದೂರದೂರ ಹೋಗಿ ಬೆಳೆಯುತ್ತದೆ. ಸಿಹಿನೀರಿನ ಏಡಿ ತತ್ತಿಯೊಡೆದ ಮೇಲೂ ಮರಿಗಳನ್ನು ಹೊಟ್ಟೆಯಡಿಯಲ್ಲೇ ಹೊತ್ತು ತಿರುಗುತ್ತದೆ. “ಬಾಣಂತಿನ ಹಿಡೀಬಾರ್ದಪ್ಪಾ” ಎಂದು ಅವಳು ಅದನ್ನು ನೀರಿಗೆ ಬಿಟ್ಟಳು.

ಅವಳ ಆ ಮಾತು ಎಷ್ಟು ತಿಳಿದು ಆಡಿದ್ದೆಂಬುದು ನನಗೆ ಬಹಳ ವರ್ಷಗಳ ಮೇಲೆ ಅರ್ಥವಾಯಿತು. ಮರಿ ದೂರ ಹರಡದ ಪ್ರಾಣಿ ಒಂದು ಬಯಲಿನಲ್ಲಿ ಸತ್ತರೆ ಆ ಬಯಲು ಬೇಗ ತುಂಬಿಕೊಳ್ಳುವುದಿಲ್ಲ. ನಮ್ಮ ಬಯಲಿನಲ್ಲಿ ಆದದ್ದೂ ಅದೇ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಬಲದಂಡೆ ನಾಲೆ ಈ ಸೀಮೆಗೆ ಭತ್ತ ಕೊಟ್ಟಿತು. ಭತ್ತ ಭಟ್ಟಿಗೆ ಹೋಗಿ ಕಾದ ಮರಳಿನಲ್ಲಿ ಅರಳಿ ಮಂಡಕ್ಕಿಯಾಯಿತು. ಅದೇ ಗದ್ದೆಯ ಬದುವಿನ ಬಿಲದಲ್ಲಿ ಏಡಿ. ಆ ದೊನ್ನೆಯಲ್ಲಿ ಕೂಡುತ್ತಿದ್ದ ಎರಡೂ ಒಂದೇ ನೀರಿನ ಬೆಳೆ. ಆದರೆ ಏಡಿ ಬದು ತೂತು ಮಾಡಿ ನೀರು ಸೋರಿಸುತ್ತದೆ, ಎಳೆ ಪೈರು ಕತ್ತರಿಸುತ್ತದೆ ಎಂದು ಬಿಲಗಳಿಗೆ ಗುಳಿಗೆ ಔಷಧಿ ಬಿತ್ತು. ರೈತನ ಕಷ್ಟ ನನಗೆ ತಿಳಿಯದ್ದಲ್ಲ. ಸಾಲ ಮಾಡಿ ನಾಟಿ ಮಾಡಿದವನು ಪೈರನ್ನು ಕಾಯಲೇಬೇಕು. ಅಂಥ ಫೋರೇಟ್ ಗುಳಿಗೆಗೆ ನಿಷೇಧ ಬಂದದ್ದು 2020ರ ಕೊನೆಗೆ. ಹೊಳೆಯ ಕಥೆ ಅದಕ್ಕಿಂತ ಹಳೆಯದು. 1980ರ ದಶಕದಲ್ಲಿ ಕೈಗಾರಿಕೆಯ ಕೊಳಚೆಯಿಂದ ತುಂಗಭದ್ರೆಯ ಮೀನು ಸತ್ತು ತೇಲಿದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ ದಂಡೆಯ ಹಳ್ಳಿಯವರೊಂದಿಗೆ ನಿಂತು ಹೋರಾಡಿತು. ಆ ಹೋರಾಟ ನಡೆದದ್ದಕ್ಕೆ ನಾನು ಕೃತಜ್ಞ.

ಇತ್ತ ದಾವಣಗೆರೆಯ ಮಿಲ್ಲುಗಳೂ ಒಂದರ ಹಿಂದೊಂದು ನಿಂತವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಕಳಿಸಿದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ಶಿಫ್ಟು ಹೋಯಿತು, ಶಿಫ್ಟು ಬಿಟ್ಟು ಬರುವ ಹಸಿವೂ ಹೋಯಿತು. ದೊಡ್ಡಪ್ಪ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡ. ರಾತ್ರಿ ಒಂಬತ್ತಕ್ಕೆ ಮನೆಯಲ್ಲಿ. ಕೆಲವು ದಿನ ನಿದ್ದೆ ಬಾರದೆ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕೂರುತ್ತಿದ್ದ. ಹರಿಹರದವ್ವ ಯಾವ ವಾರದಿಂದ ಬರುವುದನ್ನು ನಿಲ್ಲಿಸಿದಳೆಂದು ಯಾರೂ ಗುರುತಿಟ್ಟುಕೊಳ್ಳಲಿಲ್ಲ. ಈಗಲೂ ದಾವಣಗೆರೆಯ ರಾಮ್ ಅಂಡ್ ಕೋ ವೃತ್ತದಲ್ಲಿ ಸಂಜೆ ಜನ ಕಿಕ್ಕಿರಿಯುತ್ತಾರೆ, ಮಂಡಕ್ಕಿ, ಮೆಣಸಿನಕಾಯಿ ಚೆನ್ನಾಗಿಯೇ ಇದೆ, ಅಲ್ಲಿ ತಿನ್ನುವ ಹುಡುಗರ ನಗು ಕಂಡು ನನಗೂ ಸಂತೋಷವಾಗುತ್ತದೆ.

ದೊಡ್ಡಪ್ಪ ತೀರಿಕೊಂಡ ಮೇಲಿನ ಮಳೆಗಾಲದಲ್ಲಿ ದೊಡ್ಡಮ್ಮ ಬೆಳ್ಳುಳ್ಳಿ ಸುಲಿಯುತ್ತ ಇದ್ದಕ್ಕಿದ್ದಂತೆ ಕೇಳಿದಳು: “ಅಪ್ಪ ಮಗ ಕದ್ದು ಹೋಗಿ ತಿಂತಿದ್ರಲ್ಲ, ಹೆಂಗಿರ್ತಿತ್ತೋ ಅದು?” ನಾನು ಹೇಳುತ್ತಾ ಹೋದೆ: ಚಿಪ್ಪು ಕೆಂಪೇರುವುದು, ಕಾಲು ಕುಟ್ಟಿ ರಸ ಹಿಂಡುವುದು, ದೊಡ್ಡಪ್ಪ ದೊಡ್ಡ ಕೊಂಡಿಯನ್ನು ಯಾವಾಗಲೂ ನನಗೇ ಕೊಡುತ್ತಿದ್ದದ್ದು. ಮಸಾಲೆಯ ಲೆಕ್ಕಕ್ಕೆ ಬಂದಾಗ ತಡೆದಳು. “ಧನಿಯಾ ಅಷ್ಟ್ ಹಾಕಿರಲಿಕ್ಕಿಲ್ಲ ತಮ್ಮಾ, ಸಾರು ಕಂದಿ ಹೋಗ್ತೈತಿ. ಎಲ್ಲಾರ ಸಿಕ್ರೆ ತಗಂಬಾ, ನಾನೇ ಮಾಡ್ತೀನಿ.” ಹರಿಹರದ ಸಂತೆ, ಹೊಳೆದಂಡೆ, ನಾಲೆಯ ಕೆಳಗಿನ ಹಳ್ಳಿ ಎಲ್ಲ ಕಡೆ ಕೇಳಿದೆ. ಕೊನೆಗೆ ಸಿಕ್ಕಿದ್ದು ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬಂದ ದೊಡ್ಡ ಏಡಿ. ದೊಡ್ಡಮ್ಮ ಚೀಲದೊಳಗೆ ಇಣುಕಿ ನೋಡಿ, “ಇದು ಬ್ಯಾಡ, ಹೊಳೀದ ಬೇಕು. ಇನ್ನೊಮ್ಮೆ ಹುಡುಕು” ಎಂದಳು.