ಹಿತ್ತಲ ಕೊಳಕ್ಕೆ ಎಷ್ಟಡಿ?

ಸಿನಿಮಾದಲ್ಲಿ ನಾಯಕಿ ಈಜುಕೊಳಕ್ಕೆ ಧುಮುಕಿದ್ದೇ ತಡ, ಕಾಗದನಗರದ ನಮ್ಮ ಭಾವನವರಿಗೂ ಹಿತ್ತಲಲ್ಲೊಂದು ಬೇಕಾಯ್ತು! "40 ಅಡಿ ಉದ್ದ, 15 ಅಗಲ, 7 ಆಳ" ಅಂದ್ರು.

ಅಕ್ಕನ ಚಿಂತೆಯೇ ಬೇರೆ. ಒಂಬತ್ತು ವರ್ಷದ ಮಗ ಕದ್ದುಮುಚ್ಚಿ ಭದ್ರಾ ನಾಲೆಗೆ ಇಳೀತಾನೆ, ಈಜು ಬರೋಲ್ಲ. ಅವನಿಗೆ ಬೇಕಾದ್ದು ಕಾಲಿಗೆ ನೆಲ ಸಿಗುವ ನೀರು. ಒಂದು ತುದಿ 3 ಅಡಿ, ಇನ್ನೊಂದು 4. ಉದ್ದ 20, ಅಗಲ 10 ಸಾಕು ಅಂದೆ. ಧುಮುಕೋದು ಮಾತ್ರ ಬಂದ್!

ಇಷ್ಟಕ್ಕೇ 700 ಘನ ಅಡಿ, ಅಂದ್ರೆ ಸುಮಾರು 20,000 ಲೀಟರ್ ನೀರು ಸ್ವಾಮಿ. ಭಾವನವರ ಕೊಳಕ್ಕೆ ಇದರ ಆರು ಪಟ್ಟು. ಬೇಸಿಗೆಯಲ್ಲಿ ಅವರ ಬೋರ್‌ವೆಲ್ ಕೆಮ್ಮೋದು ಕೇಳಿದ್ದೀರಾ?

ಭಾವ ಮುಖ ಊದಿಸಿಕೊಂಡ್ರು. ಅಕ್ಕ ಹಗ್ಗ ಹಿಡಿದು ಅಳತೆ ಹಾಕಿದಳು. "ಸುತ್ತ ಬೇಲಿ, ಗೇಟಿಗೆ ಬೀಗ. ಅದಕ್ಕೂ ಜಾಗ ಬಿಡೋ," ಅಂದಳು.