ಮುಸಾಫಿರಖಾನೆಯ ಊರಿನಿಂದ

ನಾವು ಬೆಳೆದ ಸಂತೇಬೆನ್ನೂರಿನಲ್ಲಿ ಹನುಮಪ್ಪ ನಾಯಕನ ಪುಷ್ಕರಣಿಯೂ ಮುಸಾಫಿರಖಾನೆಯೂ ಎದುರುಬದುರಾಗಿವೆ. ಬಾಲ್ಯದಿಂದಲೂ ಆ ಹೆಸರನ್ನು ಉಚ್ಚರಿಸುತ್ತಿದ್ದೆವು, ಮುಸಾಫಿರರಾಗುವುದೆಂದರೇನೆಂದು ಬಲ್ಲವರಾಗಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಬಿಡುವಾದಾಗಲೆಲ್ಲ ಸೂಳೆಕೆರೆಗೆ ಹೋಗಿ ದೋಣಿಯೇರುತ್ತಿದ್ದೆವು. ಸಮುದ್ರದಲ್ಲಿ ಚಲಿಸುವ ಹಡಗುಗಳನ್ನು ಪವಿತ್ರ ಕುರ್‌ಆನ್ ಅಲ್ಲಾಹನ ನಿದರ್ಶನಗಳಲ್ಲಿ ಎಣಿಸಿದೆ. ಕೆರೆಯ ಪುಟ್ಟ ದೋಣಿಯೂ ನಮಗೆ ಅದನ್ನೇ ನೆನಪಿಸುತ್ತಿತ್ತು. ಮಂಗಳೂರಿನಲ್ಲಿ ಉದ್ಯೋಗ ದೊರೆತಾಗ, ಅಲ್ಲಿ ಹೊಳೆಯಿದೆ, ಕಡಲಿದೆ ಎಂದು ಹಿಗ್ಗಿದೆವು. ಅಮ್ಮಿ ಮಾತ್ರ ಮೌನವಾಗಿ ರೊಟ್ಟಿಯ ಬುತ್ತಿ ಕಟ್ಟಿದರು.

ದಾರಿಯಲ್ಲಿ ಅಸರ್ ನಮಾಝನ್ನು ಕಸ್ರ್ ಮಾಡಿ ಎರಡೇ ರಕ್‌ಅತ್ ನಿರ್ವಹಿಸಿದೆವು. ರಾತ್ರಿ ಬಾಡಿಗೆ ಮನೆಯಲ್ಲಿ ಇಶಾಗೆ ನಿಂತಾಗ ಪ್ರಶ್ನೆಯೆದ್ದಿತು: ಎರಡೋ, ನಾಲ್ಕೋ? ನಾವು ಅನುಸರಿಸುವ ಹನಫೀ ಮದ್‌ಹಬ್‌ನಂತೆ, ಒಂದೂರಿನಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಂಗುವ ನಿಯ್ಯತ್ ಮಾಡಿದವನು ಮುಸಾಫಿರನಲ್ಲ. ನಾಲ್ಕನ್ನೂ ಪೂರ್ಣಗೊಳಿಸಿದೆವು. ಸಲಾಮ್ ಹೇಳುವಾಗ ಇಬ್ಬರ ಕಣ್ಣೂ ತೇವವಾಗಿದ್ದವು. ಬಸ್ಸು ಹತ್ತಿದಾಗಲೂ ಹಾಗಾಗಿರಲಿಲ್ಲ. ಊರು ನಿಜವಾಗಿ ಹಿಂದುಳಿದದ್ದು ಆ ಮೂರನೆಯ ರಕ್‌ಅತ್‌ಗೆ ಎದ್ದು ನಿಂತಾಗ.

ಮುಂದಿನ ಭಾನುವಾರ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಫಲ್ಗುಣಿಯನ್ನು ದಾಟಿದೆವು. ಕೆರೆಯ ನೀರಿಗೆ ಇಂತಹ ಸೆಳೆತವಿರಲಿಲ್ಲ. ಇಲ್ಲಿ ಉಬ್ಬರ, ಇಳಿತಗಳದೇ ಆಳ್ವಿಕೆ. ಪಕ್ಕದಲ್ಲಿದ್ದ ಬ್ಯಾರಿ ಹಿರಿಯರೊಬ್ಬರು ಸಲಾಮ್ ಹೇಳಿ, "ನಿಮಗೆ ಊರು ಯಾವುದು ಮಕ್ಕಳೇ?" ಎಂದು ವಿಚಾರಿಸಿದರು. ಸಂತೇಬೆನ್ನೂರು ಎನ್ನಬೇಕೋ, ಇಲ್ಲಿಯೇ ಎನ್ನಬೇಕೋ ತಿಳಿಯದೆ ನಾವು ಪರಸ್ಪರ ಮುಖ ನೋಡಿಕೊಂಡೆವು.

"ಇಳಿತದ ಹೊತ್ತು, ಗಟ್ಟಿಯಾಗಿ ಕೂತುಕೊಳ್ಳಿ" ಎಂದು ಅವರು ಸರಿದು ಜಾಗ ಮಾಡಿಕೊಟ್ಟರು.