ಒಂದು ವರ್ಷ ತಡವಾಗಿ ಬಸವನಗುಡಿಗೆ

ಬೆಂಗಳೂರಿನ ಬಸವನಗುಡಿ ಬೆಳೆದುದು ಒಂದು ಜಾಡ್ಯದ ದೆಸೆಯಿಂದ ಎಂದರೆ ಅಲ್ಲಿಯ ನಿವಾಸಿಗಳು ಮುನಿಯಬಾರದು. 1898ರಲ್ಲಿ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಪ್ಲೇಗು ಹೊಕ್ಕು ಮನೆಮನೆಗಳನ್ನು ಬರಿದುಮಾಡಿದಾಗ, ಗಾಳಿ ಬೆಳಕುಗಳಿಗೆ ಎಡೆಯಿರುವ ಬಡಾವಣೆಗಳ ಅಗತ್ಯ ಎಲ್ಲರಿಗೂ ಮನದಟ್ಟಾಯಿತು. ಉತ್ತರದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ಬೆಳೆದುದು ಹೀಗೆ. ನೇರವಾದ ಅಗಲ ರಸ್ತೆಗಳು, ಸಾಲುಮರಗಳು, ಮನೆಗಳ ನಡುವೆ ಉಸಿರಾಡಲು ಬಿಟ್ಟ ಜಾಗ, ಇವೆಲ್ಲವೂ ಮೊದಲು ಆರೋಗ್ಯಕ್ಕಾಗಿ; ಅಂದಚೆಂದದ ಮಾತು ಆಮೇಲಿನದು. ಹೀಗಿರುವಾಗ ಕಾಯಿಲೆಯಿಂದ ಎದ್ದವನೊಬ್ಬನು ಓದುವುದಕ್ಕೆ ಈ ಊರನ್ನೇ ಆರಿಸಿಕೊಂಡರೆ ಅನುಚಿತವೇನೂ ಅಲ್ಲ. ಆದರೆ 2008ರ ಜೂನ್ ತಿಂಗಳಿನಲ್ಲಿ ಟ್ರಂಕು ಹೊತ್ತು ಬಂದಿಳಿದ ನನಗೆ ಈ ಚರಿತ್ರೆ ಗೊತ್ತಿರಲಿಲ್ಲ. ಇಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲವೆಂಬುದೊಂದೇ ಗೊತ್ತಿದ್ದಿತು. ಅದೇ ಸಮಾಧಾನವಾಗಿಯೂ ಇದ್ದಿತು.

ಹಿಂದಿನ ವರ್ಷ ಪಿ.ಯು.ಸಿ. ಮುಗಿಸಿ ಕಾಲೇಜಿಗೆ ಅರ್ಜಿ ಬರೆಯುವ ಹೊತ್ತಿಗೆ ಕೆಮ್ಮು ಹತ್ತಿತು. ಸಾಗರದ ಸೀಮೆಯಲ್ಲಿ ಮಳೆಗಾಲಕ್ಕೆ ಕೆಮ್ಮದವರಾರು? ಊರಿನ ವೈದ್ಯರೊಬ್ಬರು ಎರಡು ತಿಂಗಳು ಸಿಹಿಯಾದ ಔಷಧದ ಶೀಷೆಗಳನ್ನು ಕೊಟ್ಟು ಕಳುಹಿಸುತ್ತಿದ್ದರು. ಕಫದಲ್ಲಿ ನೆತ್ತರಿನ ಎಳೆ ಕಾಣಿಸಿದ ದಿನ ತಂದೆಯವರು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಕ್ಷಯವೆಂದು ತಿಳಿಯಿತು.

ಆ ಕಾಲದ ಸರ್ಕಾರಿ ಚಿಕಿತ್ಸೆಯ ಕ್ರಮವನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. ಪ್ರತಿಯೊಬ್ಬ ರೋಗಿಗೂ ಅವನ ಹೆಸರು ಬರೆದ ಒಂದು ಔಷಧದ ಪೆಟ್ಟಿಗೆ. ಆರು ತಿಂಗಳಿಗೆ ಬೇಕಾದುದೆಲ್ಲ ಅದರೊಳಗೆ. ಮೊದಲ ಸಲದ ರೋಗಿಗಳಿಗೆ ಕೆಂಪು ಪೆಟ್ಟಿಗೆ. ನಡುವೆ ಗುಳಿಗೆ ಬಿಟ್ಟು ಮತ್ತೆ ಮಲಗಿದವರಿಗೆ ನೀಲಿ ಪೆಟ್ಟಿಗೆ, ಎಂಟು ತಿಂಗಳು, ಜೊತೆಗೆ ಮೊದಲೆರಡು ತಿಂಗಳು ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ ಆರೋಗ್ಯ ಕಾರ್ಯಕರ್ತೆಯ ಕಣ್ಣೆದುರಿನಲ್ಲಿಯೇ ಒಂದು ಹಿಡಿ ಗುಳಿಗೆಗಳನ್ನು ನುಂಗಬೇಕು. ರಿಫಾಂಪಿಸಿನ್ನಿನಿಂದ ಮೂತ್ರವು ಕಿತ್ತಳೆಯ ಬಣ್ಣಕ್ಕೆ ತಿರುಗಿದುದನ್ನು ಕಂಡು ನಾನು ಬೆದರಿದಾಗ ಆಕೆ ನಕ್ಕು, ‘ಮದ್ದು ಕೆಲಸ ಮಾಡ್ತಾ ಇದೆ ಅಂತ ತಿಳ್ಕೋ’ ಎಂದರು. ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿಯೇ ಹೆಚ್ಚಿನವರಿಂದ ಸೋಂಕು ಹರಡುವುದು ನಿಲ್ಲುತ್ತದೆ. ಇದನ್ನು ನೆರೆಹೊರೆಗೆ ತಿಳಿಸಿ ಹೇಳುವವರು ಯಾರು? ನಮ್ಮ ಮನೆಯಲ್ಲಿ ಆ ರೋಗದ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ‘ಆ ಜ್ವರ’ ಎನ್ನುತ್ತಿದ್ದರು. ನನಗೊಬ್ಬಳು ತಂಗಿಯಿದ್ದಳು, ಅವಳಿಗೆ ಮುಂದೆ ಮದುವೆಯಾಗಬೇಕಾಗಿದ್ದಿತು.

ಗಾಂಧಿಬಜಾರಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ಅಂಕಪಟ್ಟಿಯ ಮೇಲಿನ ಇಸವಿಯನ್ನು ನೋಡಿ, ಕನ್ನಡಕವನ್ನು ಹಣೆಗೇರಿಸಿ, ‘ಒಂದು ವರ್ಷ ಏನು ಮಾಡ್ತಾ ಇದ್ದೆ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಂದೆಯವರು, ‘ತೋಟದ ಕೆಲಸ ಇತ್ತು’ ಎಂದುಬಿಟ್ಟರು. ಜೀವಮಾನದಲ್ಲಿ ಒಂದು ಅಡಕೆಯ ಲೆಕ್ಕವನ್ನೂ ತಪ್ಪು ಹೇಳದ ಮನುಷ್ಯ ಅವರು. ನಾನು ಅವರ ಮುಖ ನೋಡಲಿಲ್ಲ.

ಮೊದಲ ತಿಂಗಳುಗಳಲ್ಲಿ ನಾನು ಊರನ್ನು ನೋಡಿದುದು ಉಸಿರಿನ ಲೆಕ್ಕದಿಂದ. ಮೊದಲು ಹಾಸ್ಟೆಲಿನಿಂದ ಗಾಂಧಿಬಜಾರಿಗೆ: ಹೂವಿನಂಗಡಿಗಳ ಸಾಲು, 1943ರಲ್ಲಿ ಆರಂಭವಾದ ವಿದ್ಯಾರ್ಥಿಭವನದ ಬಾಗಿಲಲ್ಲಿ ದೋಸೆಗಾಗಿ ಕಾಯುವ ಮಹಾಜನತೆ. (ದೋಸೆಗೆ ಅಷ್ಟು ಕಾಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಕಾಯಬೇಕು.) ಆಮೇಲೆ ಬಿ. ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯ ವಾಚನಾಲಯಕ್ಕೆ. 1945ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಯಾರು, ಎತ್ತಣವರು ಎಂದು ಕೇಳದೆ ಕೂರಲು ಬಿಡುತ್ತಿದ್ದರು. ಕೊನೆಗೆ ಕಹಳೆಬಂಡೆ, ಅದರ ಪಕ್ಕದ ಮೆಟ್ಟಿಲುಗಳನ್ನೇರಿದರೆ ಏಕಶಿಲೆಯ ದೊಡ್ಡ ಬಸವಣ್ಣ, ಎಣ್ಣೆ ಕುಡಿದು ಕಪ್ಪಾಗಿ ಮಿರುಗುತ್ತ ಕುಳಿತಿರುತ್ತಾನೆ. ಜೂನಿನಲ್ಲಿ ಆ ಮೆಟ್ಟಿಲುಗಳ ನಡುವೆ ಎರಡು ಸಲ ನಿಂತೆ. ಆಗಸ್ಟಿನಲ್ಲಿ ಒಂದು ಸಲ.

ದೊಡ್ಡ ಪರೀಕ್ಷೆಯೆಂದರೆ ಲಾಲ್‌ಬಾಗಿನ ಬಂಡೆ. ಹೈದರಾಲಿಯು 1760ರಲ್ಲಿ ತೋಟಕ್ಕೆ ತೊಡಗಿದನೆಂದೂ 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರವಿಟ್ಟರೆಂದೂ ಹೇಳುತ್ತಾರೆ. ಬಂಡೆಯ ಮುಂದೆ ಇವೆಲ್ಲ ನಿನ್ನೆಯ ಮಾತು. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳ ಎಣಿಕೆ. ಒಂದು ವರ್ಷ ಹಿಂದೆ ಬಿದ್ದೆನೆಂದು ಕೊರಗುವ ಹುಡುಗನಿಗೆ ಕೂರಲು ಅದಕ್ಕಿಂತ ಯೋಗ್ಯವಾದ ಪೀಠ ಸಿಕ್ಕುವುದಿಲ್ಲ. ನನ್ನ ಜೊತೆಯಲ್ಲಿ ಪಿ.ಯು.ಸಿ. ಓದಿದವನೊಬ್ಬನು ಅದೇ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದನು. ಎದುರಿಗೆ ಸಿಕ್ಕಾಗಲೆಲ್ಲ ಅವನು ‘ಈಗ ಹೇಗಿದ್ದೀ?’ ಎಂದು ದನಿ ತಗ್ಗಿಸಿ ಕೇಳುವುದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗುತ್ತಿದ್ದಿತು.

ಕೋಣೆಯ ಸಂಗಾತಿ ಕೊಪ್ಪಳದ ಕಡೆಯವನು, ಮಿತಭಾಷಿ. ಸೆಪ್ಟೆಂಬರಿನ ಜಿನುಗು ಮಳೆಯಲ್ಲಿ ನನಗೆ ಸಾಮಾನ್ಯ ಶೀತದ ಕೆಮ್ಮು ಬಂದಾಗ ರಾತ್ರಿಯೆಲ್ಲ ದಿಂಬಿಗೆ ಬಾಯೊತ್ತಿ ಕೆಮ್ಮಿದೆನು. ಟ್ರಂಕಿನ ತಳದಲ್ಲಿ ಚಿಕಿತ್ಸೆಯ ಕಾರ್ಡಿದ್ದಿತು. ಅವನು ಅದನ್ನು ಕಂಡಿದ್ದನೆಂದು ನನಗೆ ತಿಳಿಯದು. ಆ ಭಾನುವಾರ ಬಂಡೆಯ ಮೇಲೆ, ಕೆಂಪೇಗೌಡನ ಗೋಪುರದ ನೆರಳಿನಲ್ಲಿ, ಅವನು ಊರಿನ ಕಡೆ ಮುಖಮಾಡಿಕೊಂಡು ಹೇಳಿದನು: ‘ನಿಂದು ಕೆಂಪು ಪೆಟ್ಟಿಗಿ. ನಮ್ಮ ಅಕ್ಕಂದು ನೀಲಿ.’

ಹೆಚ್ಚಿಗೆ ಹೇಳಬೇಕಾಗಿರಲಿಲ್ಲ. ಮದುವೆ ಗೊತ್ತಾಯಿತೆಂದು, ಗಂಡಿನ ಕಡೆಯವರಿಗೆ ತಿಳಿದೀತೆಂದು, ಮೂರನೆಯ ತಿಂಗಳಿನಲ್ಲಿ ಅವಳ ಗುಳಿಗೆಯನ್ನು ನಿಲ್ಲಿಸಿದ್ದರು. ರೋಗ ಮರಳಿತು, ಮದುವೆ ಮುರಿಯಿತು. ಈಗ ಚುಚ್ಚುಮದ್ದು ನಡೆಯುತ್ತಿದ್ದಿತು. ‘ಈ ಸಲ ಅಕಿ ಬಿಡಂಗಿಲ್ಲ’ ಎಂದನು. ಮಾರನೆಯ ದಿನ ನಾನೇ ಹೋಗಿ ವಾರ್ಡನ್ನರಿಗೆ ಎಲ್ಲವನ್ನೂ ಹೇಳಿ ಕಾರ್ಡನ್ನು ತೋರಿಸಿದೆನು. ಅವರು ಅದನ್ನು ಎರಡು ಸಲ ಓದಿ, ‘ವಾಸಿಯಾಗಿದೆ ಅಂತ ಬರೆದಿದೆಯಲ್ಲ’ ಎಂದು ಹಿಂದಿರುಗಿಸಿ, ಬಾಕಿಯಿದ್ದ ಮೆಸ್ಸಿನ ಹಣವನ್ನು ಕೇಳಿದರು.

ಬಹುಕಾಲದ ಮೇಲೆ ಓದಿ ತಿಳಿದ ಒಂದು ಸಂಗತಿಯಿದೆ. ಇದೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ದೇಶದ ಕ್ಷಯ ನಿಯಂತ್ರಣ ಯೋಜನೆಯು ರೂಪುಗೊಂಡುದು ಅಲ್ಲಿ. ಅಲ್ಲಿಯ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಮಾಡಿದ, 1963ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿಗಳಲ್ಲಿ ಅರ್ಧದಷ್ಟು ಜನ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರೆಂದು ಕಂಡುಬಂದಿತು. ಹೋದವರಿಗೆ ಹೆಚ್ಚಾಗಿ ದೊರೆತುದು ಕೆಮ್ಮಿನ ಔಷಧದ ಶೀಷೆ. ಹಳ್ಳಿಗರಿಗೆ ತಿಳಿವಳಿಕೆಯಿಲ್ಲವೆಂದು ಪಟ್ಟಣದವರು ಹೇಳುವಾಗಲೆಲ್ಲ ನನಗೆ ಆ ಶೀಷೆಯ ನೆನಪಾಗುತ್ತದೆ. ಈಗ ಬಣ್ಣದ ಪೆಟ್ಟಿಗೆಗಳಿಲ್ಲ. 2017ರಿಂದ ಗುಳಿಗೆಯನ್ನು ದಿನವೂ ಕೊಡುವ ಕ್ರಮ ಬಂದಿದೆ. ಅದೇ ವರ್ಷ ಬಸವನಗುಡಿಗೆ ಮೆಟ್ರೋ ರೈಲೂ ಬಂದಿತು.

ನಮ್ಮ ಎರಡನೆಯ ವರ್ಷದ ಕಾರ್ತಿಕದ ಕಡೆಯ ಸೋಮವಾರ, ಕಡಲೆಕಾಯಿ ಪರಿಷೆಗೆ ಕೊಪ್ಪಳದಿಂದ ಅಕ್ಕ ಬಂದಳು. ಔಷಧ ಮುಗಿದು ಆರು ತಿಂಗಳಾಗಿದ್ದಿತು. ರಸ್ತೆಯ ಇಕ್ಕೆಲದಲ್ಲಿಯೂ ಹಸಿ ಕಾಯಿ, ಹುರಿದ ಕಾಯಿ, ರಾಶಿ ರಾಶಿ. ನಾವಿಬ್ಬರು ಜನಜಂಗುಳಿಯಲ್ಲಿ ದಾರಿ ಬಿಡಿಸಿಕೊಳ್ಳುವಷ್ಟರಲ್ಲಿ ಅವಳು ಬಸವಣ್ಣನ ಮೆಟ್ಟಿಲುಗಳನ್ನೇರಿ ಕೈಮುಗಿದು ಇಳಿದಾಗಿದ್ದಿತು. ಆಮೇಲೆ, ಈ ಊರಿನವರು ಕಡಲೆಕಾಯಿಗೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆಂದು, ಒಂದು ಸೇರಿಗಾಗಿ ನಮ್ಮನ್ನು ಏಳೆಂಟು ರಾಶಿ ಸುತ್ತಿಸಿದಳು.